"ನನಗೇನೂ ಆಗಿಲ್ಲ" ಅನ್ನೋದು ನಿಮ್ಮ ಮಾತೋ, ಹುಳುವಿನ ಮಾತೋ?

ಹೋದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಣ್ಣ ಜಗಳ ಆಯ್ತು. ಶುರುವಾಗಿದ್ದು ನಮ್ಮ ಕಾಕಾ ಹಾಕಿದ ಒಂದು ಫಾರ್ವರ್ಡ್‌ನಿಂದ. ಅದರ ಸಾರಾಂಶ ಇಷ್ಟು: ಆನೆಕಾಲು ರೋಗ ಬರಬಾರದು ಅಂತ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಕೊಡೋ ಮಾತ್ರೆಗಳನ್ನ ನುಂಗಬೇಡಿ. ಅವು ರೋಗಿಗಳಿಗೆ ಮಾತ್ರ. ಆರೋಗ್ಯವಂತರು ನುಂಗಿದರೆ ಜ್ವರ ಬರುತ್ತೆ. ಅದರ ಬದಲು ದಿನಾ ಬೆಳಿಗ್ಗೆ ಅರಿಶಿನ, ಮೆಣಸು, ಅಮೃತಬಳ್ಳಿ ಕಷಾಯ ಕುಡಿದು "ಇಮ್ಯುನಿಟಿ" ಹೆಚ್ಚಿಸಿಕೊಳ್ಳಿ. ಕೆಳಗೆ ಸಾಲಾಗಿ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಕಾಕಾ, ಇದು ತಪ್ಪು" ಅಂತ ಬರೆದೆ. ತಕ್ಷಣ ಫೋನ್ ಬಂತು.

"ಅಲ್ಲಪ್ಪಾ, ನಮಗೇನಾಗ್ಯದ? ಅರವತ್ತು ದಾಟೀನಿ, ಇನ್ನಾ ಹೊಲಕ್ಕ ನಡಕೊಂಡು ಹೋಗ್ತೀನಿ. ಏನೂ ಆಗದೇ ಇದ್ದವರಿಗಿ ಗುಳಗಿ ಯಾಕ ಬೇಕು ಹೇಳು ನೋಡಮ್ಮ?"

ಪ್ರಶ್ನೆ ನ್ಯಾಯವಾಗಿಯೇ ಇದೆ. ಫೋನಿನಲ್ಲಿ ಐದು ನಿಮಿಷದಲ್ಲಿ ಉತ್ತರ ಹೇಳೋಕೆ ನನಗೆ ಬರಲಿಲ್ಲ, ತಡವರಿಸಿದೆ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ನಾನು ಡಾಕ್ಟರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದರೆ ಈ ವಿಷಯವನ್ನ ಸಾಕಷ್ಟು ಓದಿದ್ದೀನಿ. ಯಾಕೆ ಓದಿದೆ ಅನ್ನೋದನ್ನ ಕೊನೆಗೆ ಹೇಳ್ತೀನಿ.

ನನ್ನ ವಾದ ಒಂದೇ ಸಾಲಿನದು. ಆನೆಕಾಲಿನ ಹುಳು ಮೈಯಲ್ಲಿದ್ದಾಗ "ನನಗೇನೂ ಆಗಿಲ್ಲ" ಅಂತ ಅನ್ನಿಸುತ್ತಲ್ಲ, ಹಾಗೆ ಅನ್ನಿಸೋ ಹಾಗೆ ಮಾಡೋದೇ ಆ ಹುಳುವಿನ ಕಸುಬು.

*

ಮೊದಲು ನಮ್ಮ ದೊಡ್ಡವ್ವನ ಕಥೆ. ನಮ್ಮದು ಕಲಬುರಗಿ ಕಡೆಯ ಒಂದು ಹಳ್ಳಿ. ದೊಡ್ಡವ್ವನ ಎಡಗಾಲು ಮೊಣಕಾಲಿನ ಕೆಳಗೆ ಕಂಬದ ಹಾಗಿತ್ತು. ಚಿಕ್ಕವನಿದ್ದಾಗ ನಾನದನ್ನ ನೋಡಿ ಹೆದರುತ್ತಿದ್ದೆ. ಅವಳಿಗದು ಗೊತ್ತಿತ್ತು, ನಾನು ಹೋದ ಕೂಡಲೇ ಸೀರೆ ನಿರಿಗೆ ಕೆಳಗೆಳೆದುಕೊಂಡು ಕೂರುತ್ತಿದ್ದಳು. ಮದುವೆ ಮನೆಗಳಲ್ಲಿ ಹಿಂದೆ ಗೋಡೆ ಪಕ್ಕ. ವರ್ಷಕ್ಕೆ ನಾಲ್ಕೈದು ಸಲ ಚಳಿ ಜ್ವರ, ಕಾಲು ಕೆಂಪಾಗಿ ಉರಿ. ಊರವರ ಮಾತು ಏನು ಗೊತ್ತಾ? "ಆಕಿಗಿ ಶಕ್ತಿ ಕಮ್ಮಿ, ಅದಕ್ಕ ಬಂತು." ಅದೇ ಮನೆಯಲ್ಲಿ, ಅದೇ ಸೊಳ್ಳೆಗಳ ಕಚ್ಚಿಸಿಕೊಂಡು ಬೆಳೆದ ಬೇರೆಯವರಿಗೆ ಬರಲಿಲ್ಲವಲ್ಲ, ಹಾಗಾದರೆ ಅವರಿಗೆಲ್ಲ ಶಕ್ತಿ ಜಾಸ್ತಿ ಅಂತ ಲೆಕ್ಕ.

ಈ ಲೆಕ್ಕ ಪೂರ್ತಿ ತಲೆಕೆಳಗು. ಯಾಕೆ ಅಂತ ನೋಡೋಣ.

ಆನೆಕಾಲು ರೋಗಕ್ಕೆ ಕಾರಣ ಫೈಲೇರಿಯಾ ಹುಳುಗಳು. ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ ಎಲ್ಲ ಕೇಸುಗಳಿಗೂ ಕಾರಣ ವುಚೆರೇರಿಯಾ ಬ್ಯಾಂಕ್ರಾಫ್ಟಿ ಅನ್ನೋ ಒಂದೇ ಜಾತಿ. ಹರಡೋದು ಕ್ಯೂಲೆಕ್ಸ್ ಸೊಳ್ಳೆ, ಅಂದರೆ ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟೋ ನಮ್ಮ ಮಾಮೂಲಿ ಸೊಳ್ಳೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ, ಆ ಕಡೆ ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಇವು ನಮ್ಮ ರಾಜ್ಯದಲ್ಲಿ ಈ ರೋಗ ಬೇರೂರಿದ್ದ ಜಿಲ್ಲೆಗಳು. ಈ ಬ್ಲಾಗ್ ಓದುವವರಲ್ಲಿ ಅರ್ಧ ಜನರ ಊರು ಈ ಪಟ್ಟಿಯಲ್ಲಿದ್ದರೆ ಆಶ್ಚರ್ಯವಿಲ್ಲ :-)

ದೊಡ್ಡ ಹುಳುಗಳು ಕೂತುಕೊಳ್ಳೋದು ನಮ್ಮ ದುಗ್ಧನಾಳಗಳಲ್ಲಿ. ರಕ್ತನಾಳಗಳ ಪಕ್ಕದಲ್ಲೇ ಓಡೋ ಈ ನಾಳಗಳ ಕೆಲಸ ಅಂಗಾಂಶಗಳಲ್ಲಿ ಉಳಿದ ನೀರನ್ನ ಬಳಿದು ವಾಪಸ್ ರಕ್ತಕ್ಕೆ ಸೇರಿಸೋದು. ಹೆಣ್ಣು ಹುಳು 8ರಿಂದ 10 ಸೆಂಟಿಮೀಟರ್ ಉದ್ದ, ದಾರದಷ್ಟು ಸಪೂರ. ಸುಮಾರು 5ರಿಂದ 8 ವರ್ಷ ಬದುಕುತ್ತೆ, ಅಷ್ಟೂ ಕಾಲ ಲಕ್ಷಗಟ್ಟಲೆ ಮರಿಗಳನ್ನ ಹಾಕುತ್ತಾ ಇರುತ್ತೆ. ಈ ಮರಿಗಳಿಗೆ ಮೈಕ್ರೋಫೈಲೇರಿಯಾ ಅಂತ ಹೆಸರು. ಅವು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅವಿತಿದ್ದು ರಾತ್ರಿ ಸೊಳ್ಳೆ ಕಚ್ಚೋ ಹೊತ್ತಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಆರೋಗ್ಯ ಇಲಾಖೆಯವರು ರಾತ್ರಿ ಬಂದು ರಕ್ತ ತಗೊಳ್ಳೋದು ಇದಕ್ಕೇ. ನಮ್ಮೂರಲ್ಲಿ ಅದಕ್ಕೂ ಒಂದು ಅನುಮಾನ... "ಹಗಲಿನಾಗ ಯಾಕ ಬರಂಗಿಲ್ಲ ಇವರು?" ಅಂತ. 1872ರಲ್ಲಿ ಕಲ್ಕತ್ತಾದಲ್ಲಿ ಟಿಮೋತಿ ಲೂಯಿಸ್ ಮನುಷ್ಯರ ರಕ್ತದಲ್ಲಿ ಈ ಮರಿಗಳನ್ನ ನೋಡಿದ. 1877ರಲ್ಲಿ ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಇವು ಸೊಳ್ಳೆಯೊಳಗೆ ಬೆಳೆಯೋದನ್ನ ಕಂಡುಹಿಡಿದ. ಅಂದರೆ ಇದೇನೂ ನಿನ್ನೆ ಮೊನ್ನೆಯ ವಿಷಯವಲ್ಲ.

ಈಗ ಯೋಚನೆ ಮಾಡಿ. ಕಾಲಿಗೆ ಒಂದು ಮುಳ್ಳು ಚುಚ್ಚಿದರೆ ಎರಡು ದಿನದಲ್ಲಿ ಬಾತು, ಕೆಂಪಾಗಿ, ಕೀವು ಕಟ್ಟಿ ಗಲಾಟೆ ಮಾಡೋ ನಮ್ಮ ದೇಹ, ಒಂದು ಗೇಣಿನ ಅರ್ಧದಷ್ಟು ಉದ್ದದ ಜೀವಂತ ಹುಳು ಆರೇಳು ವರ್ಷ ಒಳಗೇ ಸಂಸಾರ ಮಾಡಿಕೊಂಡಿದ್ದರೆ ಯಾಕೆ ಸುಮ್ಮನಿರುತ್ತೆ? ಅದೂ ಎಲ್ಲಿ? ದುಗ್ಧನಾಳದಲ್ಲಿ. ನಮ್ಮ ರಕ್ಷಣಾ ಕೋಶಗಳು ಸುದ್ದಿ ಹೊತ್ತುಕೊಂಡು ಓಡಾಡೋ ಮುಖ್ಯ ರಸ್ತೆಯಲ್ಲೇ! ಪೊಲೀಸ್ ಠಾಣೆಯ ಪಡಸಾಲೆಯಲ್ಲಿ ಕಳ್ಳ ಹಾಸಿಗೆ ಹಾಸಿಕೊಂಡ ಹಾಗೆ.

ಹುಳು ಪೊಲೀಸರನ್ನ ಹೊಡೆದು ಕೆಡವಿದೆಯಾ? ಇಲ್ಲ. ಅವರ ನಡುವಿನ ಸುದ್ದಿಯನ್ನ ಕೆಡಿಸಿದೆ.

*

ಇಲ್ಲೇ ನನಗೆ ನಮ್ಮ ಕನ್ನಡದ ಒಂದು ಪದದ ಮೇಲೆ ತಕರಾರಿದೆ. "ರೋಗನಿರೋಧಕ ಶಕ್ತಿ." ಈ "ಶಕ್ತಿ" ಯಾರು ಸೇರಿಸಿದರೋ ಗೊತ್ತಿಲ್ಲ, ಅನಾಹುತ ಮಾಡಿಬಿಟ್ಟರು. ಶಕ್ತಿ ಅಂದ ಕೂಡಲೇ ನಮ್ಮ ತಲೆಗೆ ಬರೋದು ತೋಳುಬಲ, ಬ್ಯಾಟರಿ, ಟ್ಯಾಂಕಿನ ನೀರು. ಜಾಸ್ತಿ ಇದ್ದರೆ ಒಳ್ಳೇದು, ಕಮ್ಮಿ ಇದ್ದರೆ ತುಂಬಿಸಬೇಕು. 2020ರಲ್ಲಿ ಕೊರೋನಾ ಬಂದಾಗಿನಿಂದ ಈ ಟ್ಯಾಂಕ್ ತುಂಬಿಸೋ ವ್ಯಾಪಾರ ಹೇಗೆ ನಡೀತು ಅಂತ ನೀವೇ ನೋಡಿದ್ದೀರಿ. ಬಿಸ್ಕತ್ತಿನಿಂದ ಹಿಡಿದು ಹಾಸಿಗೆವರೆಗೆ ಎಲ್ಲಕ್ಕೂ "ಇಮ್ಯುನಿಟಿ" ಅಂತ ಚೀಟಿ ಅಂಟಿಸಿದರು.

ಆದರೆ ನಿಜವಾಗಿ ಅದು ಟ್ಯಾಂಕಲ್ಲ, ಮಾತುಕತೆ. ಕೋಟ್ಯಂತರ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋ ವ್ಯವಸ್ಥೆ. ಒಂದು ಕೋಶದ ಹೊರಗೋಡೆಯಲ್ಲಿ ರಿಸೆಪ್ಟರ್‌ಗಳಿರುತ್ತವೆ, ಬಾಗಿಲ ಬೀಗದ ಹಾಗೆ. ಅದಕ್ಕೆ ಹೊಂದೋ ಅಣು ಬಂದು ಕೂತರೆ ಒಳಗಡೆ ಒಂದು ಪ್ರೋಟೀನು ಇನ್ನೊಂದನ್ನ, ಅದು ಮತ್ತೊಂದನ್ನ ಎಬ್ಬಿಸುತ್ತಾ ಹೋಗುತ್ತೆ. ಕೊನೆಗೆ ಸುದ್ದಿ ಕೋಶಕೇಂದ್ರಕ್ಕೆ ಮುಟ್ಟಿ ಅಲ್ಲಿ ಯಾವುದೋ ಜೀನ್ ಆನ್ ಆಗುತ್ತೆ. ಆಗ ಆ ಕೋಶ ತಾನೂ ಒಂದು ಸುದ್ದಿಯ ಅಣುವನ್ನ ಹೊರಗೆ ಬಿಡುತ್ತೆ. ಸೈಟೋಕೈನ್ ಅಂತ ಕರೆಯೋದು ಇವನ್ನೇ. ಕೆಲವು "ಎದ್ದೇಳಿ, ಶತ್ರು ಬಂದ" ಅನ್ನೋ ಸುದ್ದಿ, ಉದಾಹರಣೆಗೆ ಐಎಲ್-12, ಇಂಟರ್‌ಫೆರಾನ್ ಗಾಮಾ. ಕೆಲವು "ಸಾಕು, ಶಾಂತರಾಗಿ" ಅನ್ನೋ ಸುದ್ದಿ, ಐಎಲ್-10, ಟಿಜಿಎಫ್-ಬೀಟಾ. ಎರಡೂ ಬೇಕು. ಎರಡನೆಯದು ಇಲ್ಲದೇ ಹೋದರೆ ನಮ್ಮ ಸೈನ್ಯ ನಮ್ಮ ಮನೆಯನ್ನೇ ಸುಟ್ಟುಬಿಡುತ್ತೆ.

ಫೈಲೇರಿಯಾ ಹುಳು ಕೈ ಹಾಕೋದು ಈ ಎರಡನೇ ಸುದ್ದಿಗೆ.

ನಮ್ಮ ವುಚೆರೇರಿಯಾವನ್ನ ಸಾಮಾನ್ಯ ಪ್ರಯೋಗಾಲಯದ ಪ್ರಾಣಿಗಳಲ್ಲಿ ಸಾಕೋದಕ್ಕೆ ಆಗಲ್ಲ. ಆದ್ದರಿಂದ ಹೆಚ್ಚಿನ ಅಧ್ಯಯನ ನಡೆದಿರೋದು ಅದರ ಹತ್ತಿರದ ಸಂಬಂಧಿ ಬ್ರೂಜಿಯಾ ಮಲಾಯಿ ಮೇಲೆ. ಕೇರಳದ ಕೆಲವು ಕಡೆ ಮನುಷ್ಯರಿಗೆ ಆನೆಕಾಲು ತರಿಸಿದ್ದು ಅದೇ. ಈ ಹುಳು ಏನೇನು ಮಾಡುತ್ತೆ ಅಂತ ನೋಡಿ:

ಒಂದು, ನಮ್ಮ ಟಿಜಿಎಫ್-ಬೀಟಾವನ್ನ ಹೋಲೋ ಪ್ರೋಟೀನನ್ನ ತಾನೇ ತಯಾರಿಸುತ್ತೆ. ಅದು ಸಸ್ತನಿಗಳ ಕೋಶಗಳ ರಿಸೆಪ್ಟರಿಗೂ ಹೊಂದುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅಂದರೆ "ಶಾಂತರಾಗಿ" ಅನ್ನೋ ಆದೇಶದ ನಕಲಿ ಪ್ರತಿ. ಸಹಿ ಸಮೇತ.

ಎರಡು, ನಮ್ಮ ಮ್ಯಾಕ್ರೋಫೇಜ್ ಕೋಶಗಳಿಗೆ ಸುದ್ದಿ ಮುಟ್ಟಿಸೋ ಎಂಐಎಫ್ ಅನ್ನೋ ಅಣುವಿನ ನಕಲೂ ಅದರ ಹತ್ತಿರ ಇದೆ.

ಮೂರು, ಸಿಸ್ಟಾಟಿನ್ ಜಾತಿಯ ಒಂದು ಪ್ರೋಟೀನು. ನಮ್ಮ ಕೋಶಗಳು ಶತ್ರುವಿನ ಪ್ರೋಟೀನನ್ನ ಕತ್ತರಿಸಿ ಆ ತುಂಡನ್ನ ಟಿ ಕೋಶಗಳಿಗೆ "ನೋಡಿ, ಇವನೇ" ಅಂತ ತೋರಿಸುತ್ತವೆ. ಕತ್ತರಿಸೋ ಕತ್ತರಿಗೇ ಈ ಸಿಸ್ಟಾಟಿನ್ ಅಡ್ಡ ಕೂರುತ್ತೆ. ಕಳ್ಳನ ಫೋಟೋನೇ ತಯಾರಾಗದ ಮೇಲೆ ಹುಡುಕೋದು ಯಾರನ್ನ?

ನಾಲ್ಕು, ಇಎಸ್-62. ಇದು ದಂಶಕಗಳ ಫೈಲೇರಿಯಾ ಹುಳುವೊಂದು ಸ್ರವಿಸೋ ಅಣು, ಸ್ಕಾಟ್ಲೆಂಡಿನ ಹಾರ್ನೆಟ್ ದಂಪತಿಗಳ ಗುಂಪು ದಶಕಗಳಿಂದ ಇದರ ಹಿಂದೆ ಬಿದ್ದಿದೆ. ಅದು ಟಿಎಲ್ಆರ್-4 ಅನ್ನೋ ಎಚ್ಚರಿಕೆ ಗಂಟೆಯ ರಿಸೆಪ್ಟರ್ ಮೂಲಕವೇ ಕೆಲಸ ಮಾಡಿ, ಮಾಸ್ಟ್ ಕೋಶಗಳ ಒಳಗೆ ಸುದ್ದಿ ಸಾಗಿಸೋ ಪಿಕೆಸಿ-ಆಲ್ಫಾ ಅನ್ನೋ ಕೊಂಡಿಯನ್ನ ನಾಶ ಮಾಡಿಸುತ್ತೆ. ಗಂಟೆಯ ಗುಂಡಿ ಒತ್ತಿದರೂ ಸದ್ದಿಲ್ಲ, ವೈರು ಒಳಗೇ ತುಂಡಾಗಿದೆ.

ಇದು ಪ್ರಯೋಗಾಲಯದ ಕಥೆ ಆಯ್ತು, ಮನುಷ್ಯರಲ್ಲಿ? 1977ರಲ್ಲಿ ಎರಿಕ್ ಆಟೆಸನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಹಳೇ ಅಧ್ಯಯನ ಇದೆ. ರಕ್ತದಲ್ಲಿ ಮರಿಹುಳು ಇದ್ದವರ ರಕ್ಷಣಾ ಕೋಶಗಳನ್ನ ತೆಗೆದು ಅವಕ್ಕೆ ಫೈಲೇರಿಯಾದ ಪ್ರೋಟೀನು ತೋರಿಸಿದರು, ಅವು ಕದಲಲಿಲ್ಲ. ಬೇರೆ ರೋಗಾಣುಗಳ ಪ್ರೋಟೀನು ತೋರಿಸಿದರು, ಮಾಮೂಲಿನಂತೆ ಎದ್ದು ಕೂತವು. ಅಂದರೆ ಆ ಜನರಿಗೆ "ಶಕ್ತಿ" ಕಮ್ಮಿ ಇರಲಿಲ್ಲ. ಈ ಒಂದು ಹುಳುವಿನ ವಿಷಯದಲ್ಲಿ ಮಾತ್ರ ಅವರ ಕೋಶಗಳ ಬಾಯಿ ಕಟ್ಟಿತ್ತು. ಮುಂದೆ 1990ರ ದಶಕದಲ್ಲಿ ಐಎಲ್-10 ಅನ್ನು ತಡೆಯೋ ಆಂಟಿಬಾಡಿ ಹಾಕಿ ನೋಡಿದಾಗ ಆ ಮೌನ ಒಂದಷ್ಟು ಮಟ್ಟಿಗೆ ಮುರಿಯಿತು. 2005ರಲ್ಲಿ ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರದವರೂ ಅಮೆರಿಕದ ಎನ್ಐಎಚ್‌ನವರೂ ಸೇರಿ, ಫೈಲೇರಿಯಾ ಇದ್ದವರ ಬಿಳಿ ರಕ್ತಕಣಗಳಲ್ಲಿ ಟಿಎಲ್ಆರ್ ಗಂಟೆಗಳೇ ಕಮ್ಮಿಯಾಗಿರೋದನ್ನೂ, ಇದ್ದವೂ ಸರಿಯಾಗಿ ಬಾರಿಸದಿರೋದನ್ನೂ ತೋರಿಸಿದರು.

ಈಗ ಮುಖ್ಯ ಮಾತಿಗೆ ಬರ್ತೀನಿ. ರಕ್ತದಲ್ಲಿ ಸಾವಿರಾರು ಮರಿಗಳಿದ್ದವರು ಹೊರಗೆ ನೋಡೋಕೆ ಸಾಮಾನ್ಯವಾಗಿ ಗಟ್ಟಿಮುಟ್ಟಾಗೇ ಇರ್ತಾರೆ. ಕಾಲು ಬಾತವರ ರಕ್ತದಲ್ಲೋ, ಬಹಳ ಸಲ ಮರಿಗಳೇ ಸಿಗಲ್ಲ! ಬಾತವರ ಕೋಶಗಳನ್ನ ಪರೀಕ್ಷಿಸಿದರೆ ಅವು ಹುಳುವಿನ ವಿರುದ್ಧ ಜೋರಾಗೇ ಕೂಗುತ್ತವೆ, ಶಾಂತಿಸುದ್ದಿ ಕಮ್ಮಿ, ಯುದ್ಧದ ಸುದ್ದಿ ಜಾಸ್ತಿ. ಆ ಯುದ್ಧದಲ್ಲಿ, ಸತ್ತ ಹುಳುಗಳಿಂದ ಹೊರಬೀಳೋ ವೊಲ್ಬಾಕಿಯಾ ಬ್ಯಾಕ್ಟೀರಿಯಾಗಳ ಗಲಾಟೆಯಲ್ಲಿ, ಹಾಳಾದ ನಾಳಗಳಿಗೆ ಪದೇ ಪದೇ ತಗುಲೋ ಸೋಂಕಿನಲ್ಲಿ ಕಾಲು ಕಂಬವಾಗುತ್ತೆ.

ನಮ್ಮ ದೊಡ್ಡವ್ವನಿಗೆ ಶಕ್ತಿ ಕಮ್ಮಿ ಇರಲಿಲ್ಲ ಸ್ವಾಮಿ. ಊರವರೆಲ್ಲ ಸೇರಿ ನಲವತ್ತು ವರ್ಷ ಒಂದು ಸುಳ್ಳನ್ನ ಅವಳ ಮೇಲೆ ಹೊರಿಸಿದರು. ಅವಳ ದೇಹ ಹುಳುವಿನ ಮಾತು ಕೇಳಲಿಲ್ಲ, ಅದಕ್ಕೆ ಬೆಲೆ ತೆತ್ತಳು. ಹುಳುವಿನ ಮಾತು ಕೇಳಿದವರು ಗಟ್ಟಿಮುಟ್ಟಾಗಿ ಓಡಾಡಿಕೊಂಡು, ರಾತ್ರಿ ಸೊಳ್ಳೆಗಳಿಗೆ ಮರಿಗಳನ್ನ ಹಂಚಿದರು.

ಹೀಗಿರುವಾಗ "ಇಮ್ಯುನಿಟಿ ಬೂಸ್ಟ್ ಮಾಡಿ" ಅಂದರೆ ಏನರ್ಥ? ಯಾವ ಸುದ್ದಿಯನ್ನ ಬೂಸ್ಟ್ ಮಾಡಬೇಕು? ಶಾಂತಿಯದ್ದಾದರೆ ಹುಳುವಿಗೆ ಹಬ್ಬ. ಯುದ್ಧದ್ದಾದರೆ ಕಾಲಿಗೆ ಅಪಾಯ. ಕಷಾಯ ಕುಡೀರಿ, ನಾನೂ ಕುಡೀತೀನಿ, ನೆಗಡಿ ಆದಾಗ ಗಂಟಲಿಗೆ ಹಿತ. ಆದರೆ ಹುಳುವಿನ ನಕಲಿ ಸಹಿಯನ್ನ ಅದು ಅಳಿಸುತ್ತೆ ಅಂತ ಹೇಳಬೇಡಿ.

*

ಹಾಗಾದರೆ ಮಾತ್ರೆ ಏನು ಮಾಡುತ್ತೆ? ಇದನ್ನ ಓದಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಮನೆಮನೆಗೆ ಕೊಡೋ ಮಾತ್ರೆಗಳಲ್ಲಿ ಮುಖ್ಯವಾದದ್ದು ಡಿಇಸಿ. 1947ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಇದು ಹೊರಬಂದಾಗ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಪಕ್ಕದ ಮನೆಯವರು ಅಂತಲೇ ಅನ್ನಿ. ಈ ಡಿಇಸಿಯ ವಿಚಿತ್ರ ಏನು ಅಂದರೆ, ಗಾಜಿನ ತಟ್ಟೆಯಲ್ಲಿ ಮರಿಹುಳುಗಳನ್ನಿಟ್ಟು ಅದರ ಮೇಲೆ ಹಾಕಿದರೆ ಅವಕ್ಕೆ ಹೆಚ್ಚೇನೂ ಆಗಲ್ಲ. ಮನುಷ್ಯನ ಮೈಯೊಳಗಾದರೆ ಸ್ವಲ್ಪ ಹೊತ್ತಿನಲ್ಲೇ ಮರಿಗಳು ರಕ್ತದಿಂದ ಮಾಯವಾಗತೊಡಗುತ್ತವೆ. ಅಂದರೆ ಮಾತ್ರೆ ಒಂಟಿಯಾಗಿ ಕೊಲ್ಲೋದಲ್ಲ. ಕೊಲ್ಲೋ ಕೆಲಸದಲ್ಲಿ ನಮ್ಮ ದೇಹದ ಪಾಲು ದೊಡ್ಡದು.

ಐವರ್ಮೆಕ್ಟಿನ್ ಕಥೆ ಇನ್ನೂ ಚೆನ್ನಾಗಿದೆ. ಇದಕ್ಕಾಗಿ ಓಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಬ್ರೂಜಿಯಾ ಮರಿಗಳಲ್ಲಿ ಈ ಔಷಧಿ ಎಲ್ಲಿ ಕೂರುತ್ತೆ ಅಂತ ಹುಡುಕಿತು. ಅದು ಹಿಡಿಯೋ ಜಾಗ ಇದ್ದದ್ದು ಮರಿ ತನ್ನ ಪ್ರೋಟೀನುಗಳನ್ನ ಹೊರಗೆ ಸ್ರವಿಸೋ ದ್ವಾರದ ಸುತ್ತ. ಔಷಧಿ ಬಿದ್ದ ಮೇಲೆ ಸ್ರವಿಸೋದು ತೀರಾ ಇಳಿಯಿತು. ಅಂದರೆ ಔಷಧಿ ಹುಳುವಿನ ಬಾಯಿ ಮುಚ್ಚಿಸುತ್ತೆ. ಸುಳ್ಳು ಸುದ್ದಿ ನಿಂತ ಮೇಲೆ ನಮ್ಮ ಕೋಶಗಳು "ಅರೆ, ಇವನ್ಯಾರು ಮನೆಯೊಳಗೆ?" ಅಂತ ಎದ್ದೇಳುತ್ತವೆ ಅನ್ನೋದು ಆ ಸಂಶೋಧಕರ ವಿವರಣೆ.

ಫಾರ್ವರ್ಡ್‌ನಲ್ಲಿ "ನುಂಗಿದರೆ ಜ್ವರ ಬರುತ್ತೆ" ಅಂತಿತ್ತಲ್ಲ? ಹೌದು, ಕೆಲವರಿಗೆ ಬರುತ್ತೆ. ಜ್ವರ, ತಲೆನೋವು, ಮೈಕೈ ನೋವು. ಹೆಚ್ಚಾಗಿ ಬರೋದು ರಕ್ತದಲ್ಲಿ ಮರಿ ಇದ್ದವರಿಗೆ, ಅವು ಸಾಯುವಾಗ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ, ಇಳಿಯದಿದ್ದರೆ, ಜೋರಾದರೆ ಡಾಕ್ಟರ ಹತ್ತಿರ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತ್ರೆ ನುಂಗಿ ಮೂರು ಮನೆಯವರಿಗೆ ಜ್ವರ ಬಂದರೆ ಊರಿಗೆ ಊರೇ "ಗುಳಗಿ ವಿಷ" ಅಂತ ಮಾತಾಡುತ್ತೆ. ಯಾರೂ "ಹಾಗಾದರೆ ಆ ಮೂವರ ಮೈಯಲ್ಲಿ ಇಷ್ಟು ದಿನ ಏನಿತ್ತು?" ಅಂತ ಕೇಳಲ್ಲ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಹೀಗೇ ಆಗಿತ್ತು. ರಾತ್ರಿ ಅಲರ್ಟ್‌ಗಳು ಜಾಸ್ತಿ ಬರ್ತಾವೆ, ನಿದ್ದೆ ಕೆಡುತ್ತೆ ಅಂತ ಯಾರೋ ಒಂದಷ್ಟನ್ನ ಮ್ಯೂಟ್ ಮಾಡಿಟ್ಟಿದ್ದರು. ಮೂರು ವಾರ ಎಲ್ಲ ಹಸಿರು, ಎಲ್ಲರೂ ಖುಷಿ. ನಾಲ್ಕನೇ ವಾರ ಹೊಸಬನೊಬ್ಬ ಬಂದು ಅವನ್ನ ಮತ್ತೆ ಆನ್ ಮಾಡಿದ. ಡ್ಯಾಶ್‌ಬೋರ್ಡ್ ಪೂರ್ತಿ ಕೆಂಪು. ಮೀಟಿಂಗಿನಲ್ಲಿ ಬೈಸಿಕೊಂಡವನು ಯಾರು ಹೇಳಿ? ಆನ್ ಮಾಡಿದ ಹುಡುಗ! ಡಿಸ್ಕ್ ತುಂಬಿ ಹೋಗಿ ಮೂರು ವಾರ ಆಗಿತ್ತು ಅನ್ನೋದು ಯಾರಿಗೂ ಮುಖ್ಯ ಆಗಲೇ ಇಲ್ಲ. ಅಲರ್ಟ್ ಬಂದಿಲ್ಲ ಅಂದರೆ ಸರ್ವರ್ ಚೆನ್ನಾಗಿದೆ ಅಂತ ಅಲ್ಲ. ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತು, ನಮ್ಮ ಮೈಯ ವಿಷಯಕ್ಕೆ ಬಂದರೆ ಮಾತ್ರ ಮರೆತುಬಿಡ್ತೀವಿ.

*

ಇದಕ್ಕೆ ಬರೋ ಆಕ್ಷೇಪಗಳನ್ನೂ ನೋಡೋಣ, ಏಕಪಕ್ಷೀಯ ಆಗೋದು ಬೇಡ.

"ಹುಳು ಸುಮ್ಮನಿದ್ದರೆ ನನಗೂ ಸುಖ, ಅದಕ್ಕೂ ಸುಖ. ಯಾಕೆ ಕೆಣಕಬೇಕು?" ಯಾಕೆಂದರೆ ಅದು ಸುಮ್ಮನಿಲ್ಲ. ಏನೂ ಲಕ್ಷಣ ಇಲ್ಲದವರಲ್ಲೂ ದುಗ್ಧನಾಳಗಳು ಒಳಗೊಳಗೇ ಹಿಗ್ಗಿ ಹಾಳಾಗಿರೋದು ಪರೀಕ್ಷೆಗಳಲ್ಲಿ ಕಂಡಿದೆ. ಗಂಡಸರಲ್ಲಿ ವೃಷಣದ ನಾಳಗಳಲ್ಲಿ ಹುಳುಗಳು ಕುಣಿಯೋದು ಅಲ್ಟ್ರಾಸೌಂಡಿನಲ್ಲೇ ಕಾಣುತ್ತೆ. ಈ ರೋಗದಿಂದ ಕಾಲು ಬಾತವರಿಗಿಂತ ಬುಡ್ಡೆ ಬಾತ ಗಂಡಸರೇ ಜಾಸ್ತಿ, ನಾಚಿಕೆಗೆ ಹೇಳಿಕೊಳ್ಳಲ್ಲ ಅಷ್ಟೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಅಂಥ ಗಂಡಸರು ಎರಡೂವರೆ ಕೋಟಿ, ಕೈಕಾಲು ಬಾತವರು ಒಂದೂವರೆ ಕೋಟಿ.

"ಮೊದಲು ಪರೀಕ್ಷೆ ಮಾಡಲಿ, ಇದ್ದವರಿಗೆ ಮಾತ್ರ ಕೊಡಲಿ." ಒಳ್ಳೆಯ ಮಾತು, ನಾನೂ ಹೀಗೇ ಯೋಚಿಸಿದ್ದೆ. ಆದರೆ ಜಿಲ್ಲೆಯ ಲಕ್ಷಾಂತರ ಜನರ ರಕ್ತವನ್ನ ರಾತ್ರಿ ಹೊತ್ತು ತಗೊಂಡು, ಅದೂ ವರ್ಷಾ ವರ್ಷಾ, ಯಾರು ಮಾಡ್ತಾರೆ? ಒಂದು ಹನಿಯಲ್ಲಿ ಮರಿ ಸಿಗದೇ ತಪ್ಪಿಸಿಕೊಂಡವರ ಕಥೆ ಏನು? ಅದಕ್ಕೇ ದಶಕಗಳಿಂದ ಬಳಕೆಯಲ್ಲಿದ್ದು ಪರಿಚಿತವಾದ ಔಷಧಿಗಳನ್ನ ಎಲ್ಲರಿಗೂ ಕೊಡೋ ದಾರಿ ಹಿಡಿದಿದ್ದು. ಗರ್ಭಿಣಿಯರು, 2 ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆ ಇರೋರು, ಇವರಿಗೆ ಕೊಡಲ್ಲ. ಖಾಲಿ ಹೊಟ್ಟೆಯಲ್ಲೂ ಕೊಡಲ್ಲ. ಜೊತೆಗಿರೋ ಆಲ್ಬೆಂಡಜೋಲ್‌ನಿಂದ ಮಕ್ಕಳ ಹೊಟ್ಟೆಹುಳ ಹೋಗೋದು ಮೇಲಿನ ಲಾಭ.

"ಸರ್ಕಾರ ಮೊದಲು ಚರಂಡಿ ಸರಿಮಾಡಲಿ." ಖಂಡಿತ ಮಾಡಲಿ! ನಮ್ಮೂರಿನ ಚರಂಡಿ ನೋಡಿದರೆ ನಾನೇ ಮೊದಲು ಧರಣಿ ಕೂರ್ತೀನಿ. ಆದರೆ ಚರಂಡಿ ಸರಿಯಾಗೋವರೆಗೆ ಹುಳು ಕಾಯ್ತಾ ಕೂರಲ್ಲ. ಎರಡೂ ಆಗಬೇಕು. ಒಂದನ್ನ ತೋರಿಸಿ ಇನ್ನೊಂದನ್ನ ತಪ್ಪಿಸಿಕೊಳ್ಳೋದು ಬೇಡ.

"ಒಬ್ಬ ನಾನು ನುಂಗದಿದ್ದರೆ ಏನಾಗುತ್ತೆ?" ಈ ಕಾರ್ಯಕ್ರಮದ ಲೆಕ್ಕವೇ ಇದರ ಮೇಲೆ ನಿಂತಿದೆ. ಡಿಇಸಿ, ಆಲ್ಬೆಂಡಜೋಲ್ ಎರಡನ್ನೇ ಕೊಟ್ಟರೆ ದೊಡ್ಡ ಹುಳುಗಳು ಪೂರ್ತಿ ಸಾಯಲ್ಲ, ಮುಖ್ಯವಾಗಿ ಮರಿಗಳು ಹೋಗುತ್ತವೆ. ದೊಡ್ಡವು ಮುದಿಯಾಗಿ ಸಾಯೋವರೆಗೆ, ಅಂದರೆ ಐದಾರು ವರ್ಷ, ವರ್ಷಕ್ಕೊಮ್ಮೆ ಮರಿಗಳನ್ನ ಗುಡಿಸುತ್ತಾ ಇರಬೇಕು. ಪ್ರತಿ ಸಲ ಒಟ್ಟು ಜನಸಂಖ್ಯೆಯಲ್ಲಿ 100ಕ್ಕೆ 65 ಜನರಾದರೂ ನುಂಗಬೇಕು. ಐವರ್ಮೆಕ್ಟಿನ್ ಸೇರಿಸಿ ಮೂರನ್ನೂ ಒಟ್ಟಿಗೆ ಕೊಟ್ಟರೆ ಪರಿಣಾಮ ಇನ್ನೂ ಗಟ್ಟಿ. ಪಪುವಾ ನ್ಯೂಗಿನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಸಲ ಮೂರೂ ಮಾತ್ರೆ ತಗೊಂಡವರಲ್ಲಿ 100ಕ್ಕೆ 96 ಜನರ ರಕ್ತ ಮೂರು ವರ್ಷದ ನಂತರವೂ ಮರಿಗಳಿಲ್ಲದೆ ಚೊಕ್ಕವಾಗಿತ್ತು. ಭಾರತದಲ್ಲೂ 2018ರ ಡಿಸೆಂಬರ್‌ನಿಂದ ಇದನ್ನ ಕೆಲವು ಜಿಲ್ಲೆಗಳಲ್ಲಿ ಶುರು ಮಾಡಿದರು. ದೇಶ ಇಟ್ಟುಕೊಂಡಿರೋ ಗುರಿ 2027.

ಆದರೆ ಇಷ್ಟೆಲ್ಲ ಲೆಕ್ಕ ಕೆಡೋದು ಒಂದೇ ಕಡೆ. ಹಂಚಿದ ಮಾತ್ರೆ ಬೇರೆ, ನುಂಗಿದ ಮಾತ್ರೆ ಬೇರೆ. ರಿಜಿಸ್ಟರಿನಲ್ಲಿ ಟಿಕ್ ಬಿದ್ದಿರುತ್ತೆ, ಮಾತ್ರೆ ಅಟ್ಟದ ಮೇಲಿನ ಡಬ್ಬಿಯಲ್ಲಿರುತ್ತೆ. ನುಂಗದೇ ಉಳಿದ "ಗಟ್ಟಿಮುಟ್ಟು" ಜನರೇ ಮುಂದಿನ ವರ್ಷದ ಸೊಳ್ಳೆಗಳಿಗೆ ಭಂಡಾರ.

*

ಈಗ ಯಾಕೆ ಓದಿದೆ ಅಂತ ಹೇಳ್ತೀನಿ ಅಂದಿದ್ದೆನಲ್ಲ.

ನಾನು ಇಂಜಿನಿಯರಿಂಗ್ ಓದ್ತಾ ಇದ್ದಾಗ ರಜೆಗೆ ಊರಿಗೆ ಹೋಗಿದ್ದೆ. ಆಶಾ ಕಾರ್ಯಕರ್ತೆ ಬಂದಳು, ನಮ್ಮ ಓಣಿಯವಳೇ, ನಾನು ಅಕ್ಕಾ ಅಂತ ಕರೆಯೋದು. ಕೈಯಲ್ಲಿ ಡಿಇಸಿ ಮೂರು, ಆಲ್ಬೆಂಡಜೋಲ್ ಒಂದು. "ನನ್ನ ಮುಂದನೇ ನುಂಗಬೇಕು ತಮ್ಮಾ, ಹಂಗ ಹೇಳ್ಯಾರ" ಅಂದಳು. ನಾನು ಕಾಲೇಜು ಓದಿದ ಗತ್ತಿನಲ್ಲಿ "ಈಗಷ್ಟೇ ಚಹಾ ಕುಡಿದೀನಿ ಅಕ್ಕಾ, ಊಟ ಮಾಡಿ ತಗೋತೀನಿ, ಇಟ್ಟು ಹೋಗು" ಅಂದೆ. ಅವಳಿಗೆ ಇನ್ನೂ ನಲವತ್ತು ಮನೆ ಇತ್ತು. ಇಟ್ಟು ಹೋದಳು. ನಾನು ಜೇಬಿಗೆ ಹಾಕಿದೆ. ಆ ಪ್ಯಾಂಟು ಒಗೆಯೋಕೆ ಹೋದಾಗ ಮಾತ್ರೆ ಕರಗಿ ಬಿಳಿ ಕಲೆಯಾಗಿತ್ತು, ಅವ್ವ ಬೈದಳು.

ಆ ಹೊತ್ತಿನಲ್ಲಿ ದೊಡ್ಡವ್ವ ಪಡಸಾಲೆಯಲ್ಲೇ ಕೂತಿದ್ದಳು. ಅವಳು ತನ್ನ ಪಾಲಿನದನ್ನ ಆಗಲೇ ನುಂಗಿ ನೀರು ಕುಡಿದಿದ್ದಳು. ಅವಳ ಕಾಲಿಗೆ ಅದರಿಂದ ಇನ್ನೇನೂ ಆಗುವಂತಿರಲಿಲ್ಲ, ಬಾತ ಕಾಲನ್ನ ಮಾತ್ರೆ ಇಳಿಸಲ್ಲ. ಅದಕ್ಕೆ ಬೇಕಾಗಿದ್ದದ್ದು ದಿನಾ ಸೋಪು ನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ ಒಣಗಿಸಿ, ಗಾಯ ಆಗದಂತೆ ನೋಡಿಕೊಳ್ಳೋದು. ಅಷ್ಟು ಮಾಡಿದರೇ ಆ ಚಳಿಜ್ವರಗಳು ಎಷ್ಟೋ ಕಮ್ಮಿಯಾಗುತ್ತವೆ. ಇದನ್ನ ಅವಳಿಗೆ ನಲವತ್ತು ವರ್ಷ ಯಾರೂ ಹೇಳಿಕೊಟ್ಟಿರಲಿಲ್ಲ, ಕಷಾಯ ಮಾತ್ರ ಕೊಟ್ಟಿದ್ದರು. ಆದರೂ ಅವಳು ನುಂಗಿದಳು. ನಾನು ಜೇಬಿಗಿಟ್ಟುಕೊಂಡೆ.

"ನುಂಗಿದೇನಪ್ಪಾ?" ಅಂತ ಸಂಜೆ ಕೇಳಿದಳು. "ಹೂಂ" ಅಂದೆ.

ದೊಡ್ಡವ್ವ ಹೋಗಿ ನಾಲ್ಕು ವರ್ಷ ಆಯ್ತು. ಆ "ಹೂಂ" ನನ್ನ ಗಂಟಲಲ್ಲಿ ಇನ್ನೂ ಇದೆ. ಅದಕ್ಕೇ ಓದಿದ್ದು.

ಕಾಕಾನಿಗೆ ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ, ನಕಲಿ ಸಹಿಯ ಕಥೆ, ಬಾಯಿ ಮುಚ್ಚಿಸೋ ಔಷಧಿಯ ಕಥೆ. ಕೊನೆಗೆ ಜೇಬಿನ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಬಂದ್ರ ನೋಡಮ್ಮ ತಗೋ" ಅಂದರು. "ನೋಡಮ್ಮ" ಅಂದರೆ ನುಂಗ್ತಾರೋ ಇಲ್ಲವೋ ಗೊತ್ತಿಲ್ಲ. ಆದರೆ ಫಾರ್ವರ್ಡ್ ಅಳಿಸಿದ್ದಾರೆ, ಬೆಳಿಗ್ಗೆ ನೋಡಿದೆ.

ಮಿತ್ರರೇ, ನೀವೆಲ್ಲ ಬೆಂಗಳೂರು, ಪುಣೆ, ಅಮೆರಿಕ ಅಂತ ಎಲ್ಲೆಲ್ಲೋ ಇದ್ದೀರಿ. ನಿಮ್ಮ ಊರು ಮೇಲಿನ ಪಟ್ಟಿಯಲ್ಲಿದ್ದರೆ, ಅಲ್ಲಿ ಮಾತ್ರೆ ಕೊಡೋ ಸುದ್ದಿ ಕೇಳಿದ ದಿನ ಮನೆಗೆ ಒಂದು ಫೋನ್ ಮಾಡಿ. ಊಟ ಮಾಡಿಕೊಂಡೇ ಕಾಯ್ತಾ ಇರಿ, ಆಶಾ ಅಕ್ಕನ ಮುಂದೆಯೇ ನುಂಗಿ ಅಂತ ಹೇಳಿ. "ನಮಗೇನಾಗ್ಯದ?" ಅಂತ ಅಂದೇ ಅಂತಾರೆ. ಆಗ ಕೇಳಿ, ಈ ಮಾತು ನಿಮ್ಮದೋ, ಒಳಗಿರೋದರದ್ದೋ ಅಂತ.